ಬಿಲ್ಲು ಮೊದಲು, ಗಾಡಿ ಆಮೇಲೆ: ಪೀಣ್ಯದಿಂದ ಹೊಸೂರಿಗೆ ಹೋಗುವ ಮಾಲಿನ ಒಂದು ಪ್ರಕರಣ

ಪೀಣ್ಯದಿಂದ ಹೊಸೂರು ಅರವತ್ತು ಕಿಲೋಮೀಟರಿನ ಆಸುಪಾಸು. ನೈಸ್ ರಸ್ತೆ ಹಿಡಿದರೆ ಬೇಗ, ಊರೊಳಗಿಂದ ಹೋದರೆ ದೇವರೇ ಗತಿ. ಮಧ್ಯಾಹ್ನ ಮಾಲು ಹಾಕಿದರೆ ಸಂಜೆಗೆ ಗಾಡಿ ವಾಪಸ್ ಬರುವ ದೂರ. ಆದರೆ ಅತ್ತಿಬೆಲೆ ದಾಟಿದ ಕೂಡಲೇ ತಮಿಳುನಾಡು. ಹಾಗಾಗಿ ತೆರಿಗೆ ಕಾಯ್ದೆಯ ಲೆಕ್ಕದಲ್ಲಿ ಇದು ಅಂತರರಾಜ್ಯ ಸಾಗಣೆ. ಪೀಣ್ಯದಲ್ಲಿ ಲೇತ್ ಹಾಕಿಕೊಂಡು ಪಿನ್ನು, ಬುಶ್ಶು, ಶಾಫ್ಟು ಮಾಡುವ ಸಣ್ಣ ಘಟಕಕ್ಕೆ ಈ ಒಂದು ಗೆರೆ ಎಷ್ಟು ಕೆಲಸ ಬದಲಾಯಿಸಿತು ಅನ್ನುವುದೇ ಈ ಬರಹ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರುವ ಘಟಕ ಯಾವುದೋ ಒಂದು ಕಾರ್ಖಾನೆ ಅಲ್ಲ. ಇಂಥ ಘಟಕಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಸೇರಿಸಿ ಒಂದೇ ದಾರಿಯಾಗಿ ಬರೆದಿದ್ದೇನೆ. ವರ್ಷದ ವಹಿವಾಟು 5 ಕೋಟಿಗಿಂತ ಜಾಸ್ತಿ, 10 ಕೋಟಿಗಿಂತ ಕಡಿಮೆ ಅಂದುಕೊಳ್ಳಿ. ರಾಡ್ ತರಿಸಿ ಟರ್ನಿಂಗ್ ಮಾಡುತ್ತಾರೆ, ಹೀಟ್ ಟ್ರೀಟ್‌ಮೆಂಟಿಗೆ, ಅಂದರೆ ಕಾಯಿಸಿ ಗಟ್ಟಿ ಮಾಡಿಸಲು, ಹೊಸೂರಿಗೆ ಕಳಿಸುತ್ತಾರೆ, ವಾಪಸ್ ತರಿಸಿ ಗ್ರೈಂಡಿಂಗ್ ಮಾಡುತ್ತಾರೆ, ಆಮೇಲೆ ಮತ್ತೆ ಹೊಸೂರಿನದೇ ಒಂದು ದೊಡ್ಡ ಖರೀದಿದಾರ ಕಂಪನಿಗೆ ಕಳಿಸುತ್ತಾರೆ. ಅಂದರೆ ಅದೇ ಪಿನ್ನು ಗಡಿಯನ್ನು ಮೂರು ಸಲ ದಾಟುತ್ತದೆ.

ನನ್ನ ವಾದ ಇಷ್ಟು. ಇ-ವೇ ಬಿಲ್ (ಮಾಲು ಸಾಗಿಸುವ ಮೊದಲು ಸರ್ಕಾರದ ಪೋರ್ಟಲ್ಲಿನಲ್ಲಿ ಪಡೆಯುವ ನಂಬರ್) ಮತ್ತು ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್ಲಿನಲ್ಲಿ ನೋಂದಾಯಿಸುವ ಬಿಲ್ಲು) ಬಂದಾಗ ಎಲ್ಲರೂ ಅದನ್ನು ತೆರಿಗೆ ಸುದ್ದಿ ಅಂತ ಓದಿದರು. ನಿಜಕ್ಕೂ ಅದು ಪೂರೈಕೆ ಸರಪಳಿಯ ಸುದ್ದಿ. ದೇಶದಲ್ಲಿ ವಹಿವಾಟು 5 ಕೋಟಿ ದಾಟಿದ ಬಹುತೇಕ ಕಂಪನಿಗಳ ಬಿಲ್ಲು ಒಂದೇ ನಮೂನೆಗೆ ಬಂತು, ಅದರಿಂದ ಕೆಲಸದ ಸರದಿಯೇ ತಿರುಗಿತು. ಆದರೆ ಬಂದಿದ್ದು ಅರ್ಧ ಸ್ಟ್ಯಾಂಡರ್ಡ್ ಮಾತ್ರ. ಸರ್ಕಾರಕ್ಕೆ ಬೇಕಾದ ಅರ್ಧ.

ಮೊದಲು ಹೇಗಿತ್ತು

ಜಿಎಸ್‌ಟಿಗೆ ಮುಂಚಿನ ವ್ಯಾಟ್ ಕಾಲದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾಗದ. ತಮಿಳುನಾಡಿಗೆ ಜೆಜೆ ಫಾರಂ. ಉತ್ತರ ಪ್ರದೇಶಕ್ಕೆ ಮಾಲು ಕಳಿಸಿದರೆ 38ನೇ ಫಾರಂ. ಇದರ ಜೊತೆ ಅಂತರರಾಜ್ಯ ಮಾರಾಟಕ್ಕೆ ಖರೀದಿದಾರನಿಂದ ಸಿ ಫಾರಂ (ಕಡಿಮೆ ದರದ ತೆರಿಗೆಗೆ ಬೇಕಾದ ಪತ್ರ) ತರಿಸಿಕೊಳ್ಳುವ ಗೋಳು ಬೇರೆ. ಸಿ ಫಾರಂ ಬರಲಿಲ್ಲ ಅಂತ ವರ್ಷಗಟ್ಟಲೆ ಫೋನು ಮಾಡುತ್ತಿದ್ದವರು ಇನ್ನೂ ಪೀಣ್ಯದಲ್ಲಿದ್ದಾರೆ, ಕೇಳಿ ನೋಡಿ.

ಕರ್ನಾಟಕ ಈ ವಿಷಯದಲ್ಲಿ ಸ್ವಲ್ಪ ಮುಂದೆಯೇ ಇತ್ತು. 2010ರ ದಶಕದ ಶುರುವಿನಲ್ಲೇ ವಾಣಿಜ್ಯ ತೆರಿಗೆ ಇಲಾಖೆ ಇ-ಸುಗಮ್ ತಂದಿತ್ತು. ಮಾಲು ಹೊರಡುವ ಮೊದಲೇ ವಿವರವನ್ನು ಆನ್‌ಲೈನಿನಲ್ಲಿ ಹಾಕಿ ನಂಬರ್ ಪಡೆಯಬೇಕು, ಚೆಕ್‌ಪೋಸ್ಟಿನಲ್ಲಿ ಆ ನಂಬರ್ ತೋರಿಸಬೇಕು. ಆದರೆ ಆ ನಂಬರಿಗೆ ಬೆಲೆ ಇದ್ದಿದ್ದು ಅತ್ತಿಬೆಲೆಯ ಈ ಕಡೆ ಮಾತ್ರ. ಆ ಕಡೆಯವರಿಗೆ ಅವರದೇ ಫಾರಂ ಬೇಕು.

ಘಟಕದ ಒಳಗಿನ ಅಭ್ಯಾಸವೂ ಹಾಗೇ ಇತ್ತು. ಕಾಯ್ದೆ ಏನೇ ಹೇಳಲಿ, ನಡೆಯುತ್ತಿದ್ದದ್ದು ಮಾಲು ಮೊದಲು, ಬಿಲ್ಲು ಆಮೇಲೆ. ಸಂಜೆ ಆರಕ್ಕೆ ಖರೀದಿದಾರನ ಕಡೆಯಿಂದ ಫೋನು ಬರುತ್ತದೆ, ಲೈನ್ ನಿಂತುಹೋಗುತ್ತೆ, 2,000 ಪಿನ್ನು ಈಗಲೇ ಕಳಿಸಿ ಅಂತ. ಇದ್ದಷ್ಟು ಕ್ರೇಟಿಗೆ ತುಂಬಿ, ಕಾರ್ಬನ್ ಹಾಕಿದ ಚಲನ್ ಪುಸ್ತಕದಲ್ಲಿ ಕೈಯಲ್ಲೇ ಬರೆದು, ಟಾಟಾ ಏಸ್ ಹತ್ತಿಸುತ್ತಿದ್ದರು. ವಾರದಲ್ಲಿ ಎರಡು ಮೂರು ದಿನ ಬರುವ ಅಕೌಂಟೆಂಟ್ ಆಮೇಲೆ ಬಂದು ಚಲನ್‌ಗಳನ್ನೆಲ್ಲ ಸೇರಿಸಿ ಬಿಲ್ಲು ಮಾಡುತ್ತಿದ್ದರು. ಖರೀದಿದಾರನ ಸ್ಟೋರ್ಸಿನಲ್ಲಿ ಎಣಿಸಿದಾಗ 2,000ದ ಬದಲು 1,940 ಇದ್ದರೆ ಚಲನ್ ಮೇಲೆ ಅಂಕಿ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕಿದರೆ ಮುಗಿಯಿತು. ಬಿಲ್ಲು ಬರುವುದೇ 1,940ಕ್ಕೆ.

ಇದನ್ನು ಅಸ್ತವ್ಯಸ್ತ ಅಂತ ಬೈಯುವುದು ಸುಲಭ. ಆದರೆ ಅದಕ್ಕೊಂದು ಜಾಣತನವೂ ಇತ್ತು. ತಪ್ಪು ತಿದ್ದುವ ಜಾಗ ಮಾಲು ಮತ್ತು ಬಿಲ್ಲಿನ ಮಧ್ಯೆ ಇತ್ತು, ಅಲ್ಲಿ ತಿದ್ದುವುದಕ್ಕೆ ಖರ್ಚಿರಲಿಲ್ಲ. ಹೊಸ ವ್ಯವಸ್ಥೆ ಮೊದಲು ಕಿತ್ತುಕೊಂಡಿದ್ದು ಇದೇ ಜಾಗವನ್ನು.

ಇ-ವೇ ಬಿಲ್ ಬಂದ ಮೇಲೆ

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಮೊದಲ ಮೂರೇ ದಿನದಲ್ಲಿ 22 ರಾಜ್ಯಗಳು ತೆರಿಗೆ ಚೆಕ್‌ಪೋಸ್ಟ್ ಎತ್ತಿಬಿಟ್ಟವು, ಕರ್ನಾಟಕವೂ ಅದರಲ್ಲಿತ್ತು. ಚೆಕ್‌ಪೋಸ್ಟ್ ಹೋದರೆ ಮಾಲಿನ ಮೇಲೆ ಕಣ್ಣಿಡುವವರು ಯಾರು? ಅದಕ್ಕೇ ಇ-ವೇ ಬಿಲ್. ಅದನ್ನು ಕಟ್ಟಿದ್ದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ, ಕೆಲಸ ನಡೆದಿದ್ದು ಬೆಂಗಳೂರಿನಲ್ಲೇ, ಇ-ಸುಗಮ್ ಮಾಡಿದ ಅನುಭವ ಬೆನ್ನಿಗಿತ್ತು. ಪ್ರಾಯೋಗಿಕವಾಗಿ ಮೊದಲು ಶುರು ಮಾಡಿದ್ದೂ ಕರ್ನಾಟಕವೇ, 2017ರ ಸೆಪ್ಟೆಂಬರಿನಲ್ಲಿ. ದೇಶಕ್ಕೆಲ್ಲ ಅಂತ 2018ರ ಫೆಬ್ರವರಿ 1ಕ್ಕೆ ಬಾಗಿಲು ತೆರೆದರು, ಅವತ್ತೇ ಪೋರ್ಟಲ್ ಮಲಗಿಬಿಟ್ಟಿತು, ಮುಂದಕ್ಕೆ ಹಾಕಿದರು. ಏಪ್ರಿಲ್ 1ಕ್ಕೆ ಅಂತರರಾಜ್ಯ ಸಾಗಣೆಗೆ ಮತ್ತೆ ಶುರುವಾಯಿತು. ಅವತ್ತೇ ರಾಜ್ಯದೊಳಗಿನ ಸಾಗಣೆಗೂ ಶುರು ಮಾಡಿದ್ದು ಕರ್ನಾಟಕ ಒಂದೇ.

ಇದರ ನಮೂನೆಯಲ್ಲಿ ಎರಡು ಭಾಗ. ಎ ಭಾಗದಲ್ಲಿ ಯಾರಿಂದ, ಯಾರಿಗೆ, ಬಿಲ್ ನಂಬರ್, ಬೆಲೆ, ಎಚ್‌ಎಸ್‌ಎನ್ ಕೋಡ್ (ಮಾಲು ಯಾವ ಬಗೆಯದು ಅನ್ನುವ ಸಂಖ್ಯೆ), ಯಾಕೆ ಸಾಗಿಸುತ್ತಿದ್ದೀರಿ ಅನ್ನುವ ಕಾರಣ. ಬಿ ಭಾಗದಲ್ಲಿ ಗಾಡಿ ನಂಬರ್. ಎರಡೂ ತುಂಬಿದರೆ 12 ಅಂಕಿಯ ನಂಬರ್ ಬರುತ್ತದೆ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಕಡ್ಡಾಯ.

ಈ 50,000ದ ಗೆರೆ ನೋಡಿ ಸಣ್ಣವರು ಬಚಾವ್ ಅಂದುಕೊಂಡರು. ಆದರೆ ಜಾಬ್‌ವರ್ಕಿಗೆ, ಅಂದರೆ ನಮ್ಮ ಮಾಲಿನ ಮೇಲೆ ಬೇರೆಯವರಿಂದ ಕೆಲಸ ಮಾಡಿಸುವುದಕ್ಕೆ, ಬೇರೆ ನಿಯಮ ಇದೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಜಾಬ್‌ವರ್ಕಿಗೆ ಮಾಲು ಕಳಿಸಿದರೆ ಬೆಲೆ ಎಷ್ಟೇ ಇರಲಿ ಇ-ವೇ ಬಿಲ್ ಬೇಕು. ಪೀಣ್ಯದಿಂದ ಜಿಗಣಿಗೆ ಹೀಟ್ ಟ್ರೀಟ್‌ಮೆಂಟಿಗೆ 8,000 ರೂಪಾಯಿಯ ಪಿನ್ನು ಕಳಿಸಿದರೆ ಬೇಡ. ಅದೇ ಪಿನ್ನು ಜಿಗಣಿಯಿಂದ ಸ್ವಲ್ಪವೇ ಮುಂದಿರುವ ಹೊಸೂರಿಗೆ ಹೋದರೆ ಬೇಕು. ಇದರಿಂದ ಕೆಲವರು ಫರ್ನೇಸ್ ಹುಡುಕುವುದನ್ನೇ ಬದಲಾಯಿಸಿದರು. ದರ ಸ್ವಲ್ಪ ಜಾಸ್ತಿಯಾದರೂ ಬೊಮ್ಮಸಂದ್ರ ಅಥವಾ ಪೀಣ್ಯದೊಳಗೇ ಮುಗಿಸೋಣ ಅಂತ. ಒಂದು ನಮೂನೆಯ ಒಂದು ಷರತ್ತು ಯಾರು ಯಾರಿಗೆ ಕೆಲಸ ಕೊಡುತ್ತಾರೆ ಅನ್ನುವುದನ್ನು ತೀರ್ಮಾನಿಸಿತು. ಸಪ್ಲೈ ಚೈನ್ ಪುನರ್‌ವಿನ್ಯಾಸ ಅಂತ ದೊಡ್ಡ ಮಾತಿನಲ್ಲಿ ಕರೆಯುವುದು ಇದನ್ನೇ, ಆದರೆ ಯಾರೂ ಕೂತು ವಿನ್ಯಾಸ ಮಾಡಿರಲಿಲ್ಲ.

ಸರದಿ ತಿರುಗಿದ್ದು ಹೀಗೆ. ಗಾಡಿ ಹೊರಡಬೇಕಾದರೆ ನಂಬರ್ ಬೇಕು. ನಂಬರಿಗೆ ಬಿಲ್ಲು ಅಥವಾ ಚಲನ್ ಬೇಕು. ಬಿಲ್ಲಿಗೆ ಸರಿಯಾದ ಎಣಿಕೆ ಬೇಕು. ಎಣಿಕೆಗೆ ಪ್ಯಾಕಿಂಗ್ ಮುಗಿದಿರಬೇಕು. ಬಿ ಭಾಗಕ್ಕೆ ಯಾವ ಗಾಡಿ ಅಂತ ಮೊದಲೇ ಗೊತ್ತಿರಬೇಕು. ಹಾಗಾಗಿ ಸಂಜೆ ಆರರ ಫೋನಿಗೆ ಆರೂವರೆಗೆ ಗಾಡಿ ಹೊರಡುವ ಕಾಲ ಮುಗಿಯಿತು. ಮಧ್ಯಾಹ್ನವೇ ಇವತ್ತು ಏನು ಹೋಗುತ್ತೆ ಅಂತ ಕೂತು ಪಟ್ಟಿ ಮಾಡುವ ಅಭ್ಯಾಸ ಬಂತು. ಇನ್ನೊಂದು ಬದಲಾವಣೆ ಕಣ್ಣಿಗೆ ಸಣ್ಣದು, ಪರಿಣಾಮ ದೊಡ್ಡದು: ಅಕೌಂಟೆಂಟ್ ಟೇಬಲ್ಲಿನ ಮೇಲಿದ್ದ ಕಂಪ್ಯೂಟರು ಡಿಸ್ಪ್ಯಾಚಿಗೆ ಬಂತು. ಬಿಲ್ಲು ಮಾಡುವವರು ಈಗ ಮಾಲು ಎಣಿಸುವವರೇ. ಅಕೌಂಟೆಂಟ್ ಕೆಲಸ ಬರೆಯುವುದರಿಂದ ಹೊಂದಿಸಿ ನೋಡುವುದಕ್ಕೆ ಬದಲಾಯಿತು.

ದಾರಿಯಲ್ಲಿ ಗಾಡಿ ಕೆಟ್ಟರೆ? ಬೇರೆ ಗಾಡಿಗೆ ಮಾಲು ಹಾಕಿ ಬಿ ಭಾಗ ತಿದ್ದಬೇಕು. ರಾತ್ರಿ ಹನ್ನೊಂದಕ್ಕೆ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರಿನ ಕೆಳಗೆ ನಿಂತ ಡ್ರೈವರ್ ಫೋನು ಮಾಡಿದರೆ, ಪಾಸ್‌ವರ್ಡ್ ಗೊತ್ತಿರುವ ಮನುಷ್ಯ ಮನೆಯಲ್ಲಿ ಎದ್ದು ಲಾಗಿನ್ ಆಗಬೇಕು. ಅವಧಿಯ ಲೆಕ್ಕವೂ ಇದೆ. ಮೊದಲು 100 ಕಿಲೋಮೀಟರಿಗೆ ಒಂದು ದಿನ ಕೊಡುತ್ತಿದ್ದರು, 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನ. ಹೊಸೂರಿಗೆ ಇದು ತೊಂದರೆಯಲ್ಲ, ಪುಣೆಗೋ ಗುರುಗ್ರಾಮಕ್ಕೋ ಕಳಿಸುವವರಿಗೆ ತಲೆನೋವು.

ತಪ್ಪಾದರೆ ದಂಡ. ಈಗಿನ ನಿಯಮದಲ್ಲಿ ಮಾಲಿನ ಮಾಲೀಕರೇ ಮುಂದೆ ಬಂದರೆ ತೆರಿಗೆಯ 200% ಕಟ್ಟಿ ಗಾಡಿ ಬಿಡಿಸಿಕೊಳ್ಳಬೇಕು. ಶುರುವಿನಲ್ಲಿ ಗಾಡಿ ನಂಬರಿನ ಒಂದಂಕಿ ತಪ್ಪಿದ್ದಕ್ಕೂ ಲಾರಿ ಹಿಡಿದು ನಿಲ್ಲಿಸಿದ್ದುಂಟು. ಕೊನೆಗೆ 2018ರ ಸೆಪ್ಟೆಂಬರಿನಲ್ಲಿ ಕೇಂದ್ರದ ಒಂದು ಸುತ್ತೋಲೆ ಬಂತು. ಹೆಸರಿನ ಸ್ಪೆಲ್ಲಿಂಗ್, ಪಿನ್ ಕೋಡ್, ಗಾಡಿ ನಂಬರಿನ ಒಂದೆರಡು ಅಂಕಿ, ಇಂಥ ಸಣ್ಣ ತಪ್ಪಿಗೆ ಕೇಂದ್ರದ ಲೆಕ್ಕಕ್ಕೆ 500, ರಾಜ್ಯದ ಲೆಕ್ಕಕ್ಕೆ 500, ಒಟ್ಟು 1,000 ರೂಪಾಯಿ ಸಾಕು ಅಂತ. ಈ ಸುತ್ತೋಲೆಯ ಪ್ರಿಂಟ್ ತೆಗೆದು ಡ್ರೈವರ್ ಕೈಗೆ ಕೊಟ್ಟು ಕಳಿಸುವವರಿದ್ದರು, ಒಳ್ಳೆಯದೇ ಮಾಡಿದರು. ಸ್ಟ್ಯಾಂಡರ್ಡ್ ತಂದವರು ತಪ್ಪಾದಾಗ ಏನು ಮಾಡಬೇಕು ಅನ್ನುವುದನ್ನೂ ಮೊದಲ ದಿನವೇ ಬರೆದಿಡಬೇಕಿತ್ತು. ಐದಾರು ತಿಂಗಳು ತಡವಾಯಿತು.

ಇ-ಇನ್‌ವಾಯ್ಸ್: ಬಿಲ್ಲಿನ ಒಳಗೇ ಕೈ ಹಾಕಿದ್ದು

ಇ-ವೇ ಬಿಲ್ ಬಿಲ್ಲಿನ ಹೊರಗಿನ ಕಾಗದ. ಒಳಗಿನ ಬಿಲ್ಲು ಹೇಗಾದರೂ ಇರಬಹುದಿತ್ತು. ಒಬ್ಬರದು ಟ್ಯಾಲಿಯಲ್ಲಿ, ಇನ್ನೊಬ್ಬರದು ಎಕ್ಸೆಲ್ಲಿನಲ್ಲಿ. 2019ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬಿಲ್ಲಿಗೇ ಒಂದು ಸಾಮಾನ್ಯ ನಮೂನೆ ಒಪ್ಪಿತು. ಯೂರೋಪಿನ ಕಡೆ ಬಳಕೆಯಲ್ಲಿರುವ ಯುಬಿಎಲ್ ಮತ್ತು ಪೆಪ್ಪಾಲ್ ನಮೂನೆಗಳನ್ನು ನೋಡಿಕೊಂಡು, ನಮ್ಮ ತೆರಿಗೆಗೆ ಬೇಕಾದ ಕಾಲಂ ಸೇರಿಸಿ ಮಾಡಿದ್ದು ಇದು.

ಕೆಲಸ ಹೀಗೆ ನಡೆಯುತ್ತದೆ. ನಿಮ್ಮ ಸಾಫ್ಟ್‌ವೇರ್ ಬಿಲ್ಲಿನ ವಿವರವನ್ನು ಕಂಪ್ಯೂಟರ್ ಓದುವ ಜೇಸನ್ ಫೈಲಾಗಿ ನೋಂದಣಿ ಪೋರ್ಟಲ್ಲಿಗೆ ಕಳಿಸುತ್ತದೆ. ಪೋರ್ಟಲ್ ನಿಮ್ಮ ಜಿಎಸ್‌ಟಿ ನಂಬರ್, ದಾಖಲೆಯ ಬಗೆ, ಬಿಲ್ ನಂಬರ್, ಹಣಕಾಸು ವರ್ಷ, ಈ ನಾಲ್ಕನ್ನು ಸೇರಿಸಿ 64 ಅಕ್ಷರದ ಐಆರ್‌ಎನ್, ಅಂದರೆ ಬಿಲ್ಲಿನ ನೋಂದಣಿ ನಂಬರ್, ಮಾಡುತ್ತದೆ. ಅದೇ ನಾಲ್ಕರ ಜೋಡಿ ಮತ್ತೆ ಬಂದರೆ ತಳ್ಳಿಹಾಕುತ್ತದೆ. ಆಮೇಲೆ ತನ್ನ ಡಿಜಿಟಲ್ ಸಹಿ ಹಾಕಿ ಕ್ಯೂಆರ್ ಕೋಡ್ ವಾಪಸ್ ಕಳಿಸುತ್ತದೆ. ಅದೇ ಮಾಹಿತಿ ನಿಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ಕ್ಕೆ ತಾನೇ ಹೋಗುತ್ತದೆ, ಇ-ವೇ ಬಿಲ್ಲಿನ ಎ ಭಾಗವನ್ನೂ ತುಂಬುತ್ತದೆ. ಒಂದು ಸಲ ಟೈಪ್ ಮಾಡಿದ್ದು ಮೂರು ಕಡೆ ಬಳಕೆ. ಇದು ನಿಜಕ್ಕೂ ಒಳ್ಳೆಯ ಕೆಲಸ, ಇದನ್ನು ಹೊಗಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ.

ಕಡ್ಡಾಯ ಮಾಡಿದ ರೀತಿಯೂ ಗಮನಿಸಬೇಕಾದದ್ದು. 2020ರ ಅಕ್ಟೋಬರಿನಲ್ಲಿ ವರ್ಷದ ವಹಿವಾಟು 500 ಕೋಟಿ ಮೀರಿದವರು. 2021ರ ಜನವರಿಗೆ 100 ಕೋಟಿ, ಏಪ್ರಿಲ್‌ಗೆ 50. 2022ರ ಏಪ್ರಿಲ್‌ಗೆ 20, ಅಕ್ಟೋಬರಿಗೆ 10. 2023ರ ಆಗಸ್ಟ್ 1ಕ್ಕೆ 5 ಕೋಟಿ. ನಮ್ಮ ಪೀಣ್ಯದ ಘಟಕ ಒಳಗೆ ಬಂದಿದ್ದು ಈ ಕೊನೆಯ ಮೆಟ್ಟಿಲಲ್ಲಿ. ದೊಡ್ಡವರು ಮೊದಲು ಬಿದ್ದು ಎದ್ದು, ಸಾಫ್ಟ್‌ವೇರಿನವರು ಅವರ ಖರ್ಚಿನಲ್ಲಿ ತಪ್ಪು ತಿದ್ದಿಕೊಂಡು, ಆಮೇಲೆ ಸಣ್ಣವರ ಸರದಿ ಬಂತು. ಇದರ ಜೊತೆ ಇನ್ನೊಂದು ಬಿಗಿ ಇತ್ತು. ಕಡ್ಡಾಯವಿದ್ದವರು ಐಆರ್‌ಎನ್ ಇಲ್ಲದೆ ಬಿಲ್ಲು ಕೊಟ್ಟರೆ ಅದನ್ನು ಬಿಲ್ಲು ಅಂತಲೇ ಪರಿಗಣಿಸುವುದಿಲ್ಲ. ಅಂದರೆ ಪೊಲೀಸ್ ಕೆಲಸವನ್ನು ಖರೀದಿದಾರನೇ ಮಾಡುತ್ತಾನೆ, ಗೇಟಿನಲ್ಲೇ ಗಾಡಿ ವಾಪಸ್.

ನಿಜವಾದ ಒದ್ದಾಟ ಎಲ್ಲಿ ಅಂದರೆ ಪಟ್ಟಿಗಳಲ್ಲಿ. ಬಿಲ್ ನಂಬರ್ 16 ಅಕ್ಷರ ಮೀರುವಂತಿಲ್ಲ, ಸೊನ್ನೆಯಿಂದ ಶುರುವಾಗುವಂತಿಲ್ಲ. ಘಟಕದ ಹೆಸರು, ವರ್ಷ, ವಿಭಾಗ ಎಲ್ಲ ಸೇರಿಸಿ ಉದ್ದುದ್ದ ನಂಬರ್ ಇಟ್ಟುಕೊಂಡವರು ಅದನ್ನು ಕತ್ತರಿಸಬೇಕಾಯಿತು. 5 ಕೋಟಿ ದಾಟಿದವರಿಗೆ ಎಚ್‌ಎಸ್‌ಎನ್ 6 ಅಂಕಿ ಬೇಕು. ಪಿನ್ನಿಗೆ ಯಾವ ಕೋಡು? ಮಾರುವವರು ಅದನ್ನು ಗಾಡಿಯ ಬಿಡಿಭಾಗ ಅನ್ನುತ್ತಾರೆ, ಕೊಳ್ಳುವವರ ಪಟ್ಟಿಯಲ್ಲಿ ಅದು ಕಬ್ಬಿಣದ ಸಾಮಾನು. ಎರಡೂ ಕಡೆಯ ಆಡಿಟರುಗಳು ಮಾತಾಡಿ ಮುಗಿಸಬೇಕು. ಇನ್ನು ಅಳತೆ. ಒಬ್ಬರು ನಗ ಅನ್ನುತ್ತಾರೆ, ಒಬ್ಬರು ಪೀಸ್, ಇನ್ನೊಬ್ಬರು ಸೆಟ್. ಸ್ಟ್ಯಾಂಡರ್ಡಿನಲ್ಲಿ ಅಳತೆಗೆ ಸಿದ್ಧ ಪಟ್ಟಿ ಇದೆ, ಅದರಲ್ಲಿ ಇರುವುದನ್ನೇ ಹಾಕಬೇಕು. ರಾಡನ್ನು ಕೆಜಿ ಲೆಕ್ಕದಲ್ಲಿ ಕೊಂಡು, ಮೀಟರ್ ಲೆಕ್ಕದಲ್ಲಿ ಕತ್ತರಿಸಿ, ಪೀಸ್ ಲೆಕ್ಕದಲ್ಲಿ ಮಾರುವ ಘಟಕಕ್ಕೆ ಮೊದಲ ಸಲ ಮೂರೂ ಲೆಕ್ಕ ಒಂದಕ್ಕೊಂದು ಹೊಂದಬೇಕಾಯಿತು. ಹೊಂದಿಸಲು ಹೋದಾಗ ಎಷ್ಟು ರಾಡು ಚೂರಾಗಿ ಗುಜರಿಗೆ ಹೋಗುತ್ತಿದೆ ಅನ್ನುವುದು ಹೊರಬಿತ್ತು. ಇದು ತೆರಿಗೆಯವರು ಕೇಳಿದ ಪ್ರಶ್ನೆಯೇ ಅಲ್ಲ, ಆದರೂ ಉತ್ತರ ಸಿಕ್ಕಿತು.

ಒಂದು ತಮಾಷೆಯ ವಿಷಯ ಹೇಳಬೇಕು. ತುಂಬಾ ಕಾಲ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಬರೆದ ಬಿಲ್ ನಂಬರೂ ದೊಡ್ಡ ಅಕ್ಷರದಲ್ಲಿ ಬರೆದ ಅದೇ ನಂಬರೂ ಪೋರ್ಟಲ್ಲಿಗೆ ಬೇರೆ ಬೇರೆ. ಎರಡಕ್ಕೂ ಐಆರ್‌ಎನ್ ಬರುತ್ತಿತ್ತು. 2025ರ ಜೂನ್ 1ರಿಂದಷ್ಟೇ ಎಲ್ಲವನ್ನೂ ದೊಡ್ಡ ಅಕ್ಷರಕ್ಕೆ ತಿರುಗಿಸಿ ನೋಡುವ ಹಾಗೆ ಮಾಡಿದರು. ಸ್ಟ್ಯಾಂಡರ್ಡ್ ಅಂದರೆ ಇಂಥ ಸಣ್ಣ ಸಣ್ಣ ತೀರ್ಮಾನಗಳ ರಾಶಿ.

ಈಗ ಆ 1,940 ಪಿನ್ನಿನ ಕಥೆಗೆ ಬರೋಣ. ಬಿಲ್ಲು 2,000ಕ್ಕೆ ಆಗಿದೆ, ಐಆರ್‌ಎನ್ ಬಂದಿದೆ. ಪೋರ್ಟಲ್ಲಿನಲ್ಲಿ ರದ್ದು ಮಾಡಬಹುದು, ಅದೂ 24 ಗಂಟೆಯೊಳಗೆ, ಪೂರ್ತಿಯಾಗಿ. ಅಂಕಿ ತಿದ್ದುವ ಹಾಗಿಲ್ಲ. ಗಾಡಿ ಹೊಸೂರು ಮುಟ್ಟಿ, ಇನ್‌ವರ್ಡ್ ಆಗಿ, ಎಣಿಸುವ ಹೊತ್ತಿಗೆ ಆ 24 ಗಂಟೆ ಕಳೆದಿರುತ್ತದೆ. ಆದ್ದರಿಂದ ಬಿಲ್ಲಿನ ಮೊತ್ತ ಇಳಿಸುವ ಕ್ರೆಡಿಟ್ ನೋಟ್ ಕೊಡಬೇಕು, ಅದಕ್ಕೂ ಐಆರ್‌ಎನ್ ಬೇಕು. ಬಹಳಷ್ಟು ಸಲ ಖರೀದಿದಾರ ಕಾಯುವುದೇ ಇಲ್ಲ, ತನ್ನ ಲೆಕ್ಕದಲ್ಲೇ ಡೆಬಿಟ್ ನೋಟ್ ಹಾಕಿ ದುಡ್ಡು ಹಿಡಿದುಬಿಡುತ್ತಾನೆ. ಮೊದಲು ಗೇಟಿನಲ್ಲಿ ಇಬ್ಬರು ನಿಂತು ಎಣಿಸಿ ಮುಗಿಸುತ್ತಿದ್ದ ಜಗಳ ಈಗ ಎರಡು ಕಂಪ್ಯೂಟರುಗಳ ಮಧ್ಯೆ ಹೋಯಿತು. ದೊಡ್ಡ ಕಂಪ್ಯೂಟರ್ ಯಾರದೋ ಮಾತು ಅವರದೇ. ತಪ್ಪಿನ ಖರ್ಚು ಪೂರ್ತಿಯಾಗಿ ಮಾರುವವನ ತಲೆಗೆ ಬಂತು. ಇದಕ್ಕೆ ಘಟಕಗಳು ಕಂಡುಕೊಂಡ ಉಪಾಯ ಎಣಿಸುವ ತೂಕದ ಯಂತ್ರ ಮತ್ತು ಕ್ರೇಟಿಗೆ ಇಷ್ಟೇ ಪೀಸ್ ಅನ್ನುವ ಕಟ್ಟುನಿಟ್ಟು. ಕ್ರೇಟಿಗೆ 200 ಅಂದರೆ 200. ಗುಣಮಟ್ಟದ ತರಬೇತಿಯವರು ವರ್ಷಗಟ್ಟಲೆ ಹೇಳಿದರೂ ಆಗದ್ದು ಈ 24 ಗಂಟೆಯ ಭಯದಿಂದ ಆಯಿತು.

ಸ್ಟ್ಯಾಂಡರ್ಡ್ ನಿಲ್ಲುವ ಜಾಗ

ಇಲ್ಲಿಯವರೆಗೆ ಮಾಲು ಹೊರಟು ಖರೀದಿದಾರನ ಗೇಟು ಮುಟ್ಟಿತು. ಗೇಟಿನ ಒಳಗೆ ಏನಾಗುತ್ತದೆ? ಅಲ್ಲಿ ಸಾಮಾನ್ಯ ನಮೂನೆ ಅನ್ನುವುದೇ ಇಲ್ಲ.

ದೊಡ್ಡ ಖರೀದಿದಾರರಿಗೆಲ್ಲ ತಮ್ಮದೇ ಸಪ್ಲೈಯರ್ ಪೋರ್ಟಲ್ ಇದೆ. ಆರ್ಡರ್ ಅಲ್ಲೇ ಬರುತ್ತದೆ, ವಾರದ ಬೇಡಿಕೆ ಅಲ್ಲೇ ಬದಲಾಗುತ್ತದೆ, ಗಾಡಿ ಹೊರಡುವ ಮೊದಲು ಎಎಸ್‌ಎನ್ ಅಂದರೆ ಮಾಲು ಬರುತ್ತಿದೆ ಅನ್ನುವ ಮುನ್ಸೂಚನೆ ಅಲ್ಲೇ ಹಾಕಬೇಕು, ಅವರು ಹೇಳಿದ ಬಾರ್‌ಕೋಡ್ ಸ್ಟಿಕ್ಕರ್ ಅಂಟಿಸಬೇಕು. ನಾಲ್ಕು ಖರೀದಿದಾರರಿದ್ದರೆ ನಾಲ್ಕು ಪೋರ್ಟಲ್, ನಾಲ್ಕು ಪಾಸ್‌ವರ್ಡ್, ನಾಲ್ಕು ಬಗೆಯ ಸ್ಟಿಕ್ಕರ್. ಐಆರ್‌ಎನ್ ಪಡೆದ ಅದೇ ಬಿಲ್ಲಿನ ಅದೇ ಅಂಕಿಯನ್ನು ಮತ್ತೆ ಕೈಯಲ್ಲಿ ಟೈಪ್ ಮಾಡಬೇಕು. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಮುಗಿಯಬೇಕಾದ ಕೆಲಸ, ಅಲ್ವಾ? ಆದರೆ ಆ ಕ್ಯೂಆರ್‌ನಲ್ಲಿ ಬಿಲ್ಲಿನ ಮುಖ್ಯಾಂಶ ಮಾತ್ರ ಇರುತ್ತದೆ. ಮಾರುವವ, ಕೊಳ್ಳುವವ, ನಂಬರ್, ತಾರೀಕು, ಮೊತ್ತ, ಎಷ್ಟು ಸಾಲು, ಮುಖ್ಯ ಎಚ್‌ಎಸ್‌ಎನ್, ಐಆರ್‌ಎನ್. ಯಾವ ಪಾರ್ಟ್, ಎಷ್ಟು ಪೀಸ್ ಅನ್ನುವುದು ಅದರಲ್ಲಿಲ್ಲ. ತೆರಿಗೆ ಅಧಿಕಾರಿಗೆ ಸಾಕು, ಸ್ಟೋರ್ಸಿನವರಿಗೆ ಸಾಲದು.

ಇದಕ್ಕೆ ಹೋಲಿಸಿ ನೋಡಲು ಒಂದು ಹಳೆಯ ಪ್ರಯತ್ನ ಇದೆ. 1998ರಲ್ಲಿ ಅಮೆರಿಕದ ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ಸ್ ಕಂಪನಿಗಳು ಸೇರಿ ರೊಸೆಟ್ಟಾನೆಟ್ ಎಂಬ ಒಕ್ಕೂಟ ಕಟ್ಟಿದವು. ಇಂಟೆಲ್, ಸಿಸ್ಕೊ, ಐಬಿಎಂ ಎಲ್ಲ ಅದರಲ್ಲಿದ್ದರು. ಅವರು ಕಾಗದದ ನಮೂನೆ ಮಾತ್ರ ಬರೆಯಲಿಲ್ಲ, ಇಬ್ಬರ ನಡುವಿನ ಮಾತುಕತೆಯನ್ನೇ ಬರೆದರು. ಅದಕ್ಕೆ ಪಿಐಪಿ ಅಂತ ಹೆಸರು, ಒಂದೊಂದಕ್ಕೂ ಒಂದು ನಂಬರ್. 3ಎ4 ಅಂದರೆ ಆರ್ಡರ್ ಕಳಿಸುವುದು ಮತ್ತು ಅದಕ್ಕೆ ಉತ್ತರ. 3ಬಿ2 ಅಂದರೆ ಮಾಲು ಹೊರಟಿದೆ ಅನ್ನುವ ಸೂಚನೆ. 4ಬಿ2 ಅಂದರೆ ಮಾಲು ತಲುಪಿದೆ ಅನ್ನುವ ಸೂಚನೆ. 3ಸಿ3 ಬಿಲ್ಲು. 3ಸಿ6 ಅಂದರೆ ಇಂತಿಂಥ ಬಿಲ್ಲಿಗೆ ಇಷ್ಟು ಹಣ ಹಾಕುತ್ತಿದ್ದೇವೆ ಅನ್ನುವ ತಿಳುವಳಿಕೆ. ಯಾವ ಸಂದೇಶಕ್ಕೆ ಎಷ್ಟು ಗಂಟೆಯಲ್ಲಿ ಉತ್ತರ ಕೊಡಬೇಕು ಅನ್ನುವುದೂ ಸ್ಟ್ಯಾಂಡರ್ಡಿನ ಒಳಗೇ ಇತ್ತು. ಆರ್ಡರ್ ಕೈಸೇರಿತು ಅನ್ನಲು 2 ಗಂಟೆ, ಒಪ್ಪಿದೆವೋ ಇಲ್ಲವೋ ಹೇಳಲು 24 ಗಂಟೆ.

ಅದರ ದೋಷ ಬೇರೆ. ಅದು ಸ್ವಯಂಪ್ರೇರಣೆಯದ್ದು. ದೊಡ್ಡವರು ಖರ್ಚು ಮಾಡಿ ಹಾಕಿಕೊಂಡರು, ಅವರ ಸಣ್ಣ ಪೂರೈಕೆದಾರರಿಗೆ ಅಷ್ಟು ದುಡ್ಡಿರಲಿಲ್ಲ. 2002ರಲ್ಲಿ ಅದು ಬಾರ್‌ಕೋಡ್ ನೋಡಿಕೊಳ್ಳುವ ಅಮೆರಿಕದ ಸಂಸ್ಥೆಯ ಅಡಿಗೆ ಸೇರಿತು, ಈಗ ಜಿಎಸ್1 ಅಂತ ಕರೆಯುತ್ತಾರಲ್ಲ, ಅದು. ನಮ್ಮಲ್ಲಿ ಉಲ್ಟಾ ಆಯಿತು. ಕಡ್ಡಾಯ ಮಾಡಿದ್ದರಿಂದ 5 ಕೋಟಿಯ ಘಟಕದ ತನಕ ಸ್ಟ್ಯಾಂಡರ್ಡ್ ಇಳಿಯಿತು. 2023ರ ಅಕ್ಟೋಬರಿನಲ್ಲಿ ಒಂದೇ ತಿಂಗಳಿನ ಇ-ವೇ ಬಿಲ್ 10 ಕೋಟಿ ದಾಟಿತು. ಆದರೆ ರೊಸೆಟ್ಟಾನೆಟ್‌ನ ಈ ಐದು ಹೆಜ್ಜೆಯಲ್ಲಿ ನಮಗೆ ಸಿಕ್ಕಿದ್ದು ಎರಡು, ಬಿಲ್ಲು ಮತ್ತು ಮಾಲು ಹೊರಟಿದ್ದು. ಆರ್ಡರ್ ಇಲ್ಲ, ತಲುಪಿತು ಇಲ್ಲ, ಹಣ ಇಲ್ಲ. ಎರಡೂ ಮಾರುವವನು ಹೇಳುವ ಮಾತು. ಕೊಳ್ಳುವವನ ಬಾಯಿ ಬಿಡಿಸುವ ಒಂದೂ ಇಲ್ಲ.

ಇ-ವೇ ಬಿಲ್ಲಿನಲ್ಲಿ ಕೊಳ್ಳುವವನು 72 ಗಂಟೆಯೊಳಗೆ ಬೇಡ ಅನ್ನಬಹುದು, ಸುಮ್ನೆ ಇದ್ದರೆ ಒಪ್ಪಿದ ಹಾಗೆ. ಆ ಒಪ್ಪಿಗೆ ಮಾಲಿನ ಸಾಗಣೆಗೆ, ಗುಣಮಟ್ಟಕ್ಕೋ ಬೆಲೆಗೋ ಅಲ್ಲ. ಅದನ್ನು ತೋರಿಸಿ ದುಡ್ಡು ಕೊಡಿ ಅಂತ ಕೇಳಲು ಹೋದರೆ ನಗುತ್ತಾರೆ.

ದುಡ್ಡಿನ ಮಾತು

ಇಷ್ಟೆಲ್ಲ ಆದಮೇಲೆ ಹಣ ಬೇಗ ಬಂತಾ ಅಂತ ಕೇಳಿದರೆ, ಸ್ವಲ್ಪ ಕಾಲ ಇನ್ನೂ ಕಷ್ಟವಾಯಿತು. 2022ರ ಜನವರಿಯಿಂದ ಬಿಲ್ಲು ಖರೀದಿದಾರನ 2ಬಿ ಪಟ್ಟಿಯಲ್ಲಿ (ಅವನ ಖರೀದಿಯ ಬಗ್ಗೆ ಜಿಎಸ್‌ಟಿ ಪೋರ್ಟಲ್ ತೋರಿಸುವ ಲೆಕ್ಕ) ಬಂದರೆ ಮಾತ್ರ ಅವನಿಗೆ ತೆರಿಗೆಯ ಕ್ರೆಡಿಟ್, ಅಂದರೆ ಕೊಟ್ಟ ಜಿಎಸ್‌ಟಿಯನ್ನು ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುವ ಅವಕಾಶ. ಅದಕ್ಕೇ ಖರೀದಿದಾರನ ಅಕೌಂಟ್ಸಿನವರು ಒಂದು ಅಭ್ಯಾಸ ಶುರು ಮಾಡಿದರು: ಬಿಲ್ಲಿನ ಮೊತ್ತ ಕೊಡುತ್ತೇವೆ, ಜಿಎಸ್‌ಟಿ ಭಾಗ 2ಬಿಯಲ್ಲಿ ಕಂಡ ಮೇಲೆ. ಘಟಕ ತನ್ನ ಕೈಯಿಂದ ಸರ್ಕಾರಕ್ಕೆ ಜಿಎಸ್‌ಟಿ ಕಟ್ಟಿ ಕೂತಿರುತ್ತದೆ. ಸ್ಟ್ಯಾಂಡರ್ಡ್ ಸರ್ಕಾರ ಮತ್ತು ಖರೀದಿದಾರ ಇಬ್ಬರ ಅಪಾಯವನ್ನೂ ತಗ್ಗಿಸಿತು, ಮಾರುವವನದ್ದನ್ನಲ್ಲ.

ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅನ್ನುವ ಕಾಯ್ದೆ 2006ರದ್ದು. ಅದಕ್ಕೆ ಸ್ವಲ್ಪ ಹಲ್ಲು ಬಂದಿದ್ದು 2023-24ರ ಆದಾಯ ತೆರಿಗೆ ಲೆಕ್ಕದಿಂದ. ಗಡುವು ಮೀರಿದ ಬಾಕಿಯನ್ನು ಮುಂದಿನ ವರ್ಷಕ್ಕೆ ಉಳಿಸಿಕೊಂಡರೆ ಈ ವರ್ಷ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ. ಆದರೆ 45 ದಿನ ಎಲ್ಲಿಂದ ಎಣಿಸಬೇಕು? ಮಾಲನ್ನು ಒಪ್ಪಿಕೊಂಡ ದಿನದಿಂದ. ಒಪ್ಪಿಕೊಂಡ ದಿನ ಯಾವುದು? ಅದು ಖರೀದಿದಾರನ ಜಿಆರ್‌ಎನ್‌ನಲ್ಲಿ (ಮಾಲು ಸ್ವೀಕರಿಸಿದ ದಾಖಲೆ) ಇದೆ, ಅಂದರೆ ಅವನದೇ ಕಂಪ್ಯೂಟರಿನಲ್ಲಿ. 15 ದಿನದೊಳಗೆ ಲಿಖಿತ ತಕರಾರು ಬಾರದಿದ್ದರೆ ಮಾಲು ಕೊಟ್ಟ ದಿನವೇ ಒಪ್ಪಿದ ದಿನ ಅಂತ ಕಾಯ್ದೆ ಹೇಳುತ್ತದೆ, ನಿಜ. ಇದನ್ನು ಹಿಡಿದು ವಾದ ಮಾಡಿದರೆ ಮುಂದಿನ ಆರ್ಡರ್ ಬರಬೇಕಲ್ಲ.

ಟ್ರೆಡ್ಸ್ ಕಥೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ಬಿಲ್ಲನ್ನು ಆನ್‌ಲೈನಿನಲ್ಲಿ ಹಾಕಿ, ಬ್ಯಾಂಕುಗಳು ಹರಾಜು ಕೂಗಿ, ತಕ್ಷಣ ಹಣ ಕೊಡುವ ವ್ಯವಸ್ಥೆ ಅದು. 2017ರಿಂದ ನಡೆಯುತ್ತಿದೆ. 500 ಕೋಟಿ ಮೀರಿದ ಕಂಪನಿಗಳು ಸೇರಲೇಬೇಕು ಅಂತ 2018ರಲ್ಲಿ ಹೇಳಿದರು, ಆಮೇಲೆ ಆ ಮಿತಿಯನ್ನು 250 ಕೋಟಿಗೆ ಇಳಿಸಿ 2025ರ ಮಾರ್ಚ್ ಕೊನೆಯವರೆಗೆ ಗಡುವು ಕೊಟ್ಟರು. ಆದರೆ ಸೇರುವುದು ಕಡ್ಡಾಯ, ಬಿಲ್ಲು ಒಪ್ಪುವುದು ಅಲ್ಲ. ಖರೀದಿದಾರ ಹೌದು, ಈ ಬಿಲ್ಲು ನನ್ನದು ಅನ್ನುವ ಗುಂಡಿ ಒತ್ತುವ ತನಕ ಬ್ಯಾಂಕಿನವರು ಮುಟ್ಟುವುದಿಲ್ಲ. ಸರ್ಕಾರದ್ದೇ ಡಿಜಿಟಲ್ ಸಹಿ ಇರುವ ಬಿಲ್ಲು ಕೈಯಲ್ಲಿದ್ದರೂ.

ಬ್ಯಾಂಕಿನವರನ್ನು ಬೈಯುವಂತೆಯೂ ಇಲ್ಲ. ಐಆರ್‌ಎನ್ ಹೇಳುವುದು ಬಿಲ್ಲು ನೋಂದಾಯಿತವಾಗಿದೆ ಅಂತ ಮಾತ್ರ, ಮಾಲು ಇದೆ ಅಂತಲ್ಲ. ಲೋಡುಗಟ್ಟಲೆ ಮಾಲಿಗೆ ಸ್ಕೂಟರಿನ ನಂಬರ್ ಹಾಕಿ ಇ-ವೇ ಬಿಲ್ ಮಾಡಿದವರು ಸಿಕ್ಕಿಬಿದ್ದಿದ್ದಾರೆ. ಅದಕ್ಕೇ ಆಮೇಲೆ ಗಾಡಿ ನೋಂದಣಿಯ ವಾಹನ್ ದಾಖಲೆ ಮತ್ತು ಫಾಸ್ಟ್ಯಾಗ್ ಜೊತೆ ಜೋಡಿಸಿದರು. ಆ ಗಾಡಿ ಟೋಲ್ ದಾಟಿತೋ ಇಲ್ಲವೋ ಈಗ ಗೊತ್ತಾಗುತ್ತದೆ. ಗಾಡಿ ಹೋಯಿತು ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು. ಮಾಲು ಕೈಸೇರಿತು, ಸರಿ ಇದೆ ಅನ್ನುವ ಸಾಕ್ಷಿ ಕೊಡಬೇಕಾದವನು ಕೊಳ್ಳುವವನೊಬ್ಬನೇ.

2024ರ ಅಕ್ಟೋಬರಿನಲ್ಲಿ ಜಿಎಸ್‌ಟಿ ಪೋರ್ಟಲ್ಲಿಗೆ ಐಎಂಎಸ್ ಬಂತು. ಖರೀದಿದಾರ ಪ್ರತಿ ಬಿಲ್ಲಿಗೂ ಒಪ್ಪಿದೆ, ಒಪ್ಪಲಿಲ್ಲ, ಆಮೇಲೆ ನೋಡುತ್ತೇನೆ ಅಂತ ಗುರುತು ಹಾಕಬಹುದು. ಬಿಲ್ಲಿನ ಬಗ್ಗೆ ಕೊಳ್ಳುವವನ ಮಾತಿಗೂ ಈ ವ್ಯವಸ್ಥೆಯಲ್ಲಿ ಜಾಗ ಸಿಕ್ಕಿತು. ಆದರೆ ಇದೂ ತೆರಿಗೆ ಕ್ರೆಡಿಟ್ಟಿಗಾಗಿ. ಏನೂ ಒತ್ತದಿದ್ದರೆ ಒಪ್ಪಿದ ಹಾಗೆ. ಇದನ್ನು ಟ್ರೆಡ್ಸ್ ಒಪ್ಪಿಗೆಗೂ ಬಳಸಬಹುದಲ್ಲ ಅಂತ ಯಾರಿಗಾದರೂ ಹೊಳೆಯುತ್ತದೆ. ತಾಂತ್ರಿಕವಾಗಿ ಅದು ದೊಡ್ಡ ಕೆಲಸವಲ್ಲ, ದೊಡ್ಡ ಖರೀದಿದಾರರು ಒಪ್ಪಬೇಕು ಅನ್ನುವುದೇ ಕಷ್ಟ.

ಖಾಲಿ ಬಿಟ್ಟ ಕಾಲಂಗಳು

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇ-ಇನ್‌ವಾಯ್ಸ್ ನಮೂನೆಯಲ್ಲೇ ಇರುವ ಐಚ್ಛಿಕ ಕಾಲಂಗಳು. ಪೂರ್ತಿ ನಮೂನೆ ತೆರೆದು ನೋಡಿ. ಖರೀದಿ ಆರ್ಡರಿನ ನಂಬರ್ ಮತ್ತು ತಾರೀಕಿಗೆ ಜಾಗ ಇದೆ. ಮಾಲು ಸ್ವೀಕರಿಸಿದ ದಾಖಲೆಯ ನಂಬರಿಗೆ ಜಾಗ ಇದೆ. ಎಷ್ಟು ದಿನದ ಉದ್ದರಿ, ಎಷ್ಟು ಬಾಕಿ, ಯಾವ ಬ್ಯಾಂಕ್ ಖಾತೆ, ಎಲ್ಲಕ್ಕೂ ಜಾಗ ಇದೆ. ಅಂದರೆ ಉಳಿದರ್ಧ ಸ್ಟ್ಯಾಂಡರ್ಡಿನ ಬೀಜ ಆಗಲೇ ಒಳಗಿದೆ, ಬರೆದವರಿಗೆ ವ್ಯಾಪಾರ ಗೊತ್ತಿತ್ತು. ಕಡ್ಡಾಯ ಅಲ್ಲದ್ದರಿಂದ ತುಂಬುವ ಒತ್ತಡ ಯಾರಿಗೂ ಇಲ್ಲ. ಸಾಫ್ಟ್‌ವೇರಿನವರೂ ಆ ಕಾಲಂಗಳನ್ನು ಯಾವುದೋ ಮೂಲೆಯ ಪರದೆಯಲ್ಲಿ ಇಟ್ಟಿರುತ್ತಾರೆ.

ಪೀಣ್ಯದ ಘಟಕದವರು ಇದನ್ನು ಓದುತ್ತಿದ್ದರೆ, ಯಾರ ಅಪ್ಪಣೆಯೂ ಇಲ್ಲದೆ ಮಾಡಬಹುದಾದ ಕೆಲಸ ಒಂದಿದೆ. ಆರ್ಡರ್ ನಂಬರ್ ಮತ್ತು ಉದ್ದರಿಯ ದಿನಗಳನ್ನು ಪ್ರತಿ ಇ-ಇನ್‌ವಾಯ್ಸಿನಲ್ಲೂ ತುಂಬಿ. ಸಾಫ್ಟ್‌ವೇರಿನವರಿಗೆ ಫೋನು ಮಾಡಿ ಆ ಕಾಲಂಗಳನ್ನು ಮುಖ್ಯ ಪರದೆಗೆ ತರಿಸಿಕೊಳ್ಳಿ. ಸರ್ಕಾರದ ಸಹಿ ಬಿದ್ದ ದಾಖಲೆಯ ಒಳಗೇ 45 ದಿನ ಅಂತ ಇದ್ದರೆ, ನಾಳೆ ಬಾಕಿಯ ಜಗಳ ಬಂದಾಗ ಅದಕ್ಕೊಂದು ತೂಕ ಇರುತ್ತದೆ. ಖರೀದಿದಾರ ಆ ಸಾಲನ್ನು ತೆಗೆಯಿರಿ ಅಂದರೆ, ಅದನ್ನು ಇಮೇಲಿನಲ್ಲಿ ಬರೆದು ಕಳಿಸಿ ಅಂತ ಕೇಳಿ.

ಸ್ವೀಕೃತಿಯ ಕಾಲಂ ಮಾತ್ರ ಮಾರುವವನ ಕೈಯಲ್ಲಿಲ್ಲ, ಬಿಲ್ಲು ಆಗುವ ಹೊತ್ತಿಗೆ ಮಾಲು ಇನ್ನೂ ಪೀಣ್ಯದ ಶೆಡ್ಡಿನಲ್ಲೇ ಇರುತ್ತದೆ. ಅದಕ್ಕೆ ಖರೀದಿದಾರನ ಕಡೆಯಿಂದ ಬರುವ ಒಂದು ಬೇರೆ ಸಂದೇಶವೇ ಬೇಕು: ಈ ಐಆರ್‌ಎನ್, ಇಷ್ಟು ಪೀಸ್ ಬಂತು, ಇಷ್ಟು ಒಪ್ಪಿದೆವು, ಇಷ್ಟು ತಿರಸ್ಕರಿಸಿದೆವು, ಇಂಥ ದಿನ. ಐದಾರು ಕಾಲಂ, ಅಷ್ಟೆ. ಬಿಲ್ಲಿನ ನಮೂನೆ ತರಲು 500 ಕೋಟಿಯವರಿಂದ ಶುರು ಮಾಡಿದ ಹಾಗೆ ಇದನ್ನೂ ದೊಡ್ಡ ಖರೀದಿದಾರರಿಂದಲೇ ಕಡ್ಡಾಯ ಮಾಡುತ್ತಾ ಬರಬಹುದು. ಸಣ್ಣವರನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ, ಯಾಕಂದರೆ ಬಾಕಿ ಉಳಿಸಿಕೊಳ್ಳುವವರು ಮೇಲಿನ ಮೆಟ್ಟಿಲಲ್ಲೇ ಇದ್ದಾರೆ.